ಕೈ ನಡುಗುತ್ತಿದ್ದರೂ ಬರೆಯುವ ಅಭ್ಯಾಸ: ನನ್ನ ಕ್ಲಾಟ್ ತಯಾರಿ

ಕ್ಲಾಟ್, ಅಂದರೆ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಿಗೆ ಸೇರಲು ಇರುವ ಸಾಮಾನ್ಯ ಪ್ರವೇಶ ಪರೀಕ್ಷೆ, ಬರೆಯಬೇಕು ಅಂತಿರುವ ಪಿಯುಸಿ ಮಕ್ಕಳು ನನ್ನನ್ನು ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ. ಮೊದಲನೆಯದು, ಯಾವ ಪುಸ್ತಕ ಓದಬೇಕು ಅಂತ. ಎರಡನೆಯದು ಸ್ವಲ್ಪ ಸಂಕೋಚದಿಂದ ಬರುತ್ತದೆ: "ಅಕ್ಕಾ, ಹಾಲ್‌ನಲ್ಲಿ ನಿಮಗೆ ಭಯ ಆಗ್ಲಿಲ್ವಾ?" ಆಯ್ತು. ತುಂಬಾ ಆಯ್ತು. ನನ್ನ ಪ್ರಕಾರ ಈ ಎರಡನೇ ಪ್ರಶ್ನೆಯೇ ದೊಡ್ಡದು. ಭಯ ಹೋಗಲಿ ಅಂತ ಕಾಯುತ್ತಾ ಕೂತರೆ ಅದು ಹೋಗುವುದಿಲ್ಲ. ಭಯ ಇದ್ದಾಗಲೂ ಕೈ ತಾನಾಗಿಯೇ ಮಾಡುವಂಥ ಕೆಲಸಗಳನ್ನು ಮೊದಲೇ ರೂಢಿ ಮಾಡಿಕೊಂಡಿರಬೇಕು. ನಾನು ಹಿಡಿದ ದಾರಿ ಅದು.

ನಾನು ಹಾಸನ ಜಿಲ್ಲೆಯವಳು. ಎಸ್‌ಎಸ್‌ಎಲ್‌ಸಿವರೆಗೆ ಕನ್ನಡ ಮಾಧ್ಯಮ. ಪಿಯುಸಿಯಲ್ಲಿ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ. ಬೆಂಗಳೂರಿನಲ್ಲಿ ಕೋಚಿಂಗ್ ಸೇರುವಷ್ಟು ದುಡ್ಡು ಮನೆಯಲ್ಲಿ ಇರಲಿಲ್ಲ. ಗ್ರಂಥಾಲಯದ ಓದುವ ಕೋಣೆ, ಮೊಬೈಲ್, ಪರೀಕ್ಷೆ ನಡೆಸುವ ಕನ್ಸೋರ್ಟಿಯಂನ ವೆಬ್‌ಸೈಟಿನಲ್ಲಿರುವ ಹಳೆಯ ಪ್ರಶ್ನೆಪತ್ರಿಕೆಗಳು, ಇಷ್ಟರಲ್ಲೇ ತಯಾರಿ ಆಯಿತು. ದುಡ್ಡಿನ ತೊಂದರೆ ಇರುವ ಮಕ್ಕಳಿಗೆ ತರಬೇತಿ ಕೊಡಲು ಪ್ರೊ. ಶಮ್ನಾದ್ ಬಶೀರ್ 2010ರಲ್ಲಿ ಶುರು ಮಾಡಿದ ಐಡಿಯಾ ಎಂಬ ಸಂಸ್ಥೆಯೂ ಇದೆ. ಅಂಥ ನೆರವು ಸಿಗುವ ಹಾಗಿದ್ದರೆ ದಯವಿಟ್ಟು ಬಿಡಬೇಡಿ.

ಪರೀಕ್ಷೆಯ ಲೆಕ್ಕ ಗೊತ್ತಿಲ್ಲದವರಿಗೆ ಎರಡು ಮಾತು. ಮೊದಲು ಒಂದೊಂದು ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಕ್ಕೂ ಬೇರೆ ಬೇರೆ ಪ್ರವೇಶ ಪರೀಕ್ಷೆ ಇತ್ತು. 2008ರಿಂದ ಕ್ಲಾಟ್ ಬಂತು. 2017ರಲ್ಲಿ ಈ ವಿಶ್ವವಿದ್ಯಾಲಯಗಳು ಸೇರಿ ಕನ್ಸೋರ್ಟಿಯಂ ಮಾಡಿಕೊಂಡವು, ಈಗ ಪರೀಕ್ಷೆ ನಡೆಸುವುದು ಅದೇ. ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯ ಮಾತ್ರ ಐಲೆಟ್ ಎಂಬ ಬೇರೆ ಪರೀಕ್ಷೆ ಇಟ್ಟುಕೊಂಡಿದೆ. ಕ್ಲಾಟ್‌ನಲ್ಲಿ ಎರಡು ಗಂಟೆ, 120 ಪ್ರಶ್ನೆ. 2023ರ ಡಿಸೆಂಬರ್‌ಗೆ ಮುಂಚೆ 150 ಇತ್ತು. ಸರಿ ಉತ್ತರಕ್ಕೆ 1 ಅಂಕ, ತಪ್ಪಿಗೆ 0.25 ಕಡಿತ. ಪ್ರಶ್ನೆಗಳು ಬಿಡಿಬಿಡಿಯಾಗಿ ಬರುವುದಿಲ್ಲ. ಸುಮಾರು 450 ಪದಗಳ ಇಂಗ್ಲಿಷ್ ಗದ್ಯಭಾಗ ಕೊಟ್ಟು, ಅದರ ಮೇಲೆ ನಾಲ್ಕಾರು ಪ್ರಶ್ನೆ ಕೇಳುತ್ತಾರೆ.

ನನ್ನ ಭಯದ ಬೇರು ಇಲ್ಲೇ ಇತ್ತು. ಇಂಗ್ಲಿಷ್ ಅರ್ಥವಾಗುತ್ತಿತ್ತು, ಆದರೆ ನಿಧಾನವಾಗಿ. ಒಂದು ಪ್ಯಾರಾ ಮುಗಿಸುವಷ್ಟರಲ್ಲಿ ಹಿಂದಿನದು ಮರೆತುಹೋಗುತ್ತಿತ್ತು. ಆಗ ಎದೆ ಹೊಡೆದುಕೊಳ್ಳುತ್ತಿತ್ತು. ಎದೆ ಹೊಡೆದುಕೊಂಡರೆ ಓದು ಇನ್ನೂ ನಿಧಾನ. ಇದನ್ನು ಮುರಿಯಲು ನಾನು ಮಾಡಿದ್ದು ತೀರಾ ಸರಳ. ದಿನಾ ಬೆಳಿಗ್ಗೆ ಇಂಗ್ಲಿಷ್ ಪೇಪರಿನ ಸಂಪಾದಕೀಯ ಓದಿ, ಒಂದೊಂದು ಪ್ಯಾರಾಗೆ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಒಂದೇ ಸಾಲು ಬರೆಯುತ್ತಿದ್ದೆ. ಬರಹಗಾರರು ಏನು ಹೇಳುತ್ತಿದ್ದಾರೆ, ಯಾರನ್ನು ಒಪ್ಪುತ್ತಿಲ್ಲ, ಅಷ್ಟೇ. ಗೊತ್ತಿಲ್ಲದ ಪದಕ್ಕೆ ಮೊದಲ ಓದಿನಲ್ಲಿ ನಿಲ್ಲುತ್ತಿರಲಿಲ್ಲ. ಪೂರ್ತಿ ಮುಗಿದ ಮೇಲೆ ನಿಘಂಟು. ಕೆಲವು ತಿಂಗಳಾದ ಮೇಲೆ ಆ ಸಾಲು ಬರೆಯುವ ಅಗತ್ಯವೇ ಬೀಳಲಿಲ್ಲ, ಓದುತ್ತಿರುವಾಗಲೇ ಮನಸ್ಸಿನಲ್ಲಿ ಮೂಡುತ್ತಿತ್ತು. ಕನ್ನಡ ಮಾಧ್ಯಮದವರು ಇಂಗ್ಲಿಷ್‌ನಲ್ಲೇ ಯೋಚನೆ ಮಾಡಬೇಕು ಅಂತ ಕೆಲವರು ಹೇಳುತ್ತಾರೆ. ನನಗೆ ಅದು ಸರಿ ಅನ್ನಿಸುವುದಿಲ್ಲ. ಯೋಚನೆ ಯಾವ ಭಾಷೆಯಲ್ಲಾದರೂ ನಡೆಯಲಿ, ಕಣ್ಣು ನಿಲ್ಲದೆ ಮುಂದೆ ಹೋಗಬೇಕು.

ಕಾನೂನು ವಿಭಾಗದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಭಯ ನಮ್ಮನ್ನು ಹೆಚ್ಚು ದಾರಿ ತಪ್ಪಿಸುವುದು ಅಲ್ಲೇ. ಇಲ್ಲಿ ಕಾನೂನು ಮೊದಲೇ ಗೊತ್ತಿರಬೇಕಾಗಿಲ್ಲ. ನಿಯಮ ಗದ್ಯದಲ್ಲೇ ಇರುತ್ತದೆ, ಅದನ್ನು ಒಂದು ಸನ್ನಿವೇಶಕ್ಕೆ ಹಚ್ಚಿ ನೋಡಬೇಕು. ಒಂದು ಉದಾಹರಣೆ. ಅಂಗಡಿಯ ಗಾಜಿನ ಹಿಂದೆ ಒಂದು ಸೀರೆ ಇದೆ, 500 ರೂಪಾಯಿ ಅಂತ ಚೀಟಿ ಇದೆ. ಗಿರಾಕಿ ದುಡ್ಡು ಹಿಡಿದು ಬಂದರೆ ಅಂಗಡಿಯವರು ಕೊಡಲೇಬೇಕಾ? ಒಪ್ಪಂದ ಕಾನೂನಿನಲ್ಲಿ ಸಾಮಾನ್ಯ ನಿಯಮ ಏನೆಂದರೆ, ಬೆಲೆ ಹಾಕಿ ಪ್ರದರ್ಶನಕ್ಕೆ ಇಡುವುದು ಗಿರಾಕಿಗೆ ಕೊಟ್ಟ ಕರೆ ಮಾತ್ರ. ಕೊಳ್ಳುತ್ತೇನೆ ಎಂಬ ಪ್ರಸ್ತಾವ ಗಿರಾಕಿಯಿಂದ ಬರಬೇಕು, ಅಂಗಡಿಯವರು ಅದನ್ನು ಬೇಡ ಅನ್ನಬಹುದು. ಈಗ ಗದ್ಯದಲ್ಲಿ "ಬೆಲೆ ಚೀಟಿ ಹಚ್ಚಿದರೆ ಅದೇ ಪ್ರಸ್ತಾವ" ಅಂತ ಬೇರೆ ನಿಯಮ ಕೊಟ್ಟಿದ್ದಾರೆ ಅಂದುಕೊಳ್ಳಿ. ಉತ್ತರ ಪೂರ್ತಿ ತಿರುಗುತ್ತದೆ. ಗಾಬರಿಯಲ್ಲಿದ್ದಾಗ ಮನಸ್ಸು ಗದ್ಯ ಬಿಟ್ಟು ಹಿಂದೆ ಓದಿದ್ದಕ್ಕೆ ಓಡುತ್ತದೆ. ಇಲ್ಲವೇ "ಪಾಪ, ಇವರಿಗೆ ಅನ್ಯಾಯ ಆಯ್ತಲ್ಲ" ಅನ್ನಿಸುವ ಆಯ್ಕೆಗೆ ಹೋಗುತ್ತದೆ. ಹಾಗಾಗಿ ಒಂದು ರೂಢಿ ಮಾಡಿಕೊಂಡೆ. ನಿಯಮ ಇರುವ ಸಾಲು ಸಿಕ್ಕ ಕೂಡಲೇ ಅಡಿಗೆರೆ. 'ಅನ್‌ಲೆಸ್', 'ಓನ್ಲಿ', 'ಮೇ', 'ಶಲ್' ಇಂಥ ಪದಗಳ ಸುತ್ತ ಒಂದು ಸುತ್ತು. ಪೆನ್ನು ಆಡುತ್ತಿದ್ದರೆ ಮನಸ್ಸು ಅದರ ಹಿಂದೆಯೇ ಬರುತ್ತದೆ.

ಪ್ರಚಲಿತ ವಿದ್ಯಮಾನಕ್ಕೆ ಪೇಪರ್ ಓದುವುದೇ ಗತಿ, ಅಡ್ಡದಾರಿ ಇಲ್ಲ. ಆದರೆ ದೊಡ್ಡ ಕೋರ್ಟ್ ತೀರ್ಪುಗಳು ನನಗೆ ತಲೆಯಲ್ಲಿ ಉಳಿದಿದ್ದು ನಮ್ಮ ಕಡೆಯ ನಂಟಿನಿಂದ. ಸಂವಿಧಾನದ ಮೂಲರಚನೆಯನ್ನು ಸಂಸತ್ತೂ ಮುಟ್ಟುವಂತಿಲ್ಲ ಎಂದ 1973ರ ಕೇಶವಾನಂದ ಭಾರತಿ ಪ್ರಕರಣ ಕಾಸರಗೋಡಿನ ಎಡನೀರು ಮಠದ ಸ್ವಾಮೀಜಿಯವರದ್ದು. ಹದಿಮೂರು ನ್ಯಾಯಮೂರ್ತಿಗಳು ಕೂತು ಕೇಳಿದ ಪ್ರಕರಣ. ರಾಜ್ಯ ಸರ್ಕಾರಗಳನ್ನು ಕೇಂದ್ರ ಮನಸ್ಸಿಗೆ ಬಂದಂತೆ ವಜಾ ಮಾಡುವುದಕ್ಕೆ ಕಡಿವಾಣ ಹಾಕಿದ 1994ರ ತೀರ್ಪು ನಮ್ಮ ಮುಖ್ಯಮಂತ್ರಿಯಾಗಿದ್ದ ಎಸ್.ಆರ್. ಬೊಮ್ಮಾಯಿ ಅವರ ಹೆಸರಿನಲ್ಲಿದೆ. ಖಾಸಗಿತನ ಮೂಲಭೂತ ಹಕ್ಕು ಎಂದ 2017ರ ತೀರ್ಪಿನ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಕಾಲೇಜು ಸೀಟಿಗೆ ಹೆಚ್ಚುವರಿಯಾಗಿ ಕೇಳುವ ಕ್ಯಾಪಿಟೇಶನ್ ಶುಲ್ಕದ ವಿರುದ್ಧ 1992ರಲ್ಲಿ ಬಂದ ಮೋಹಿನಿ ಜೈನ್ ತೀರ್ಪು ಕೂಡ ಕರ್ನಾಟಕ ಸರ್ಕಾರದ ವಿರುದ್ಧದ ಪ್ರಕರಣವೇ. ಇವನ್ನು ಓದುವಾಗ ನನಗೆ ನಿಜಕ್ಕೂ ಹೆಮ್ಮೆ ಆಗುತ್ತಿತ್ತು. ಇದು ನನಗೂ ಸೇರಿದ್ದು, ನಾನೂ ಓದಬಹುದು ಅನ್ನಿಸಿತು. ಆ ಅನ್ನಿಸಿಕೆಯೂ ಭಯಕ್ಕೆ ಒಂದು ಮದ್ದು.

ಗಣಿತ ಹತ್ತನೇ ತರಗತಿ ಮಟ್ಟದ್ದು. ಶೇಕಡಾ, ಅನುಪಾತ, ಸರಾಸರಿ. ಇರುವುದು 10ರಿಂದ 14 ಪ್ರಶ್ನೆ. ಎಸ್‌ಎಸ್‌ಎಲ್‌ಸಿ ಪುಸ್ತಕ ಮತ್ತೆ ತೆಗೆದರೆ ಸಾಕು.

ಇನ್ನು ಅಣಕು ಪರೀಕ್ಷೆಗಳು. ಕ್ಲಾಟ್ ನಡೆಯುವುದು ಮಧ್ಯಾಹ್ನ 2ರಿಂದ 4. ನಮ್ಮ ಕಡೆ ಅದು ಊಟ ಮುಗಿಸಿ ಕಣ್ಣು ಎಳೆಯುವ ಹೊತ್ತು. ಹಾಗಾಗಿ ಭಾನುವಾರದ ಅಣಕು ಪರೀಕ್ಷೆಯನ್ನು ಅದೇ ಹೊತ್ತಿಗೆ ಇಟ್ಟುಕೊಂಡೆ. ಊಟ ಹನ್ನೆರಡರೊಳಗೆ, ಸ್ವಲ್ಪವೇ. ಉತ್ತರ ಗುರುತಿಸುವ ಓಎಂಆರ್ ಹಾಳೆಯ ಜೆರಾಕ್ಸ್ ಇಟ್ಟುಕೊಂಡು ಬಾಲ್ ಪೆನ್ನಿನಲ್ಲೇ ಗುಂಡಿ ತುಂಬುತ್ತಿದ್ದೆ. ಮನೆಯಲ್ಲಿ ಸದ್ದು ಇದ್ದರೆ ಇರಲಿ ಅಂತ ಬಾಗಿಲು ಹಾಕುತ್ತಿರಲಿಲ್ಲ. ಹಾಲ್‌ನಲ್ಲಿ ಪಕ್ಕದವರು ಕೆಮ್ಮಬಹುದು, ಫ್ಯಾನ್ ಕಿರ್ರೆನ್ನಬಹುದು, ಅಲ್ವಾ?

ವಿಭಾಗಗಳ ಕ್ರಮವನ್ನೂ ಭಯ ನೋಡಿಕೊಂಡೇ ಗೊತ್ತು ಮಾಡಿದೆ. ಮೊದಲು ಪ್ರಚಲಿತ ವಿದ್ಯಮಾನ. ಅಲ್ಲಿ ಗೊತ್ತಿದ್ದರೆ ಗೊತ್ತು, ಇಲ್ಲದಿದ್ದರೆ ಇಲ್ಲ, ಜಗ್ಗಾಡುವಂಥದ್ದು ಕಡಿಮೆ. ಕೈ ನಡುಗುವುದು ಮೊದಲ ಹತ್ತು ನಿಮಿಷ. ಆ ಹೊತ್ತಿನಲ್ಲಿ ಸುಮ್ನೆ ಗುಂಡಿ ತುಂಬುತ್ತಾ ಹೋದರೆ ಕೈ ತಾನಾಗಿ ಹದಕ್ಕೆ ಬರುತ್ತದೆ. ಎರಡೂಕಾಲಿಗೆ ಅದು ಮುಗಿಯಬೇಕು. ಎರಡೂ ಐವತ್ತಕ್ಕೆ ಕಾನೂನು, ಮೂರೂ ಇಪ್ಪತ್ತಕ್ಕೆ ತರ್ಕ, ಮೂರೂ ಮುಕ್ಕಾಲಿಗೆ ಇಂಗ್ಲಿಷ್, ಉಳಿದಿದ್ದು ಗಣಿತಕ್ಕೆ. ನಿಮಗೆ ಬೇರೆ ಕ್ರಮ ಹೊಂದಬಹುದು. ಆದರೆ ಯಾವುದೋ ಒಂದನ್ನು ಮೊದಲೇ ಗೊತ್ತು ಮಾಡಿಕೊಳ್ಳಿ. ಹಾಲ್‌ನಲ್ಲಿ ಕೂತು ತೀರ್ಮಾನ ಮಾಡುವ ಕೆಲಸ ಒಂದೂ ಉಳಿದಿರಬಾರದು.

ಒಂದು ಗದ್ಯದಲ್ಲಿ ಸಿಕ್ಕಿಕೊಂಡರೆ ಏನು ಮಾಡುವುದು ಅಂತಲೂ ನಿಯಮ ಇತ್ತು. ಒಂದೇ ಸಾಲನ್ನು ಮೂರನೇ ಸಲ ಓದುತ್ತಿದ್ದೇನೆ ಅಂತ ಗೊತ್ತಾದರೆ ಪೆನ್ನು ಕೆಳಗಿಡುವುದು. ಮೂಗಿನಿಂದ ಉಸಿರು ಎಳೆದು, ಎಳೆದಿದ್ದಕ್ಕಿಂತ ನಿಧಾನವಾಗಿ ಬಿಡುವುದು. ಉಸಿರು ಬಿಡುವಾಗ ಎದೆಬಡಿತ ಸ್ವಲ್ಪ ಇಳಿಯುತ್ತದೆ, ಅದು ದೇಹದ ಸಹಜ ಗುಣ. ಹೀಗೆ ಮೂರು ಸಲ. ಆಮೇಲೆ ಆ ಗದ್ಯಕ್ಕೆ ಗುರುತು ಹಾಕಿ ಮುಂದಿನದಕ್ಕೆ. ಇದನ್ನು ಪ್ರತಿ ಅಣಕು ಪರೀಕ್ಷೆಯಲ್ಲೂ ಬೇಕೆಂದೇ ಒಂದು ಸಲವಾದರೂ ಮಾಡುತ್ತಿದ್ದೆ, ಸಿಕ್ಕಿಕೊಳ್ಳದಿದ್ದರೂ. ನಿಜವಾದ ದಿನ ಮೊದಲ ಬಾರಿ ಮಾಡಿದರೆ ಅದು ಕೆಲಸ ಮಾಡುವುದಿಲ್ಲ.

ಊಹೆ ಮಾಡಿ ಬರೆಯಬೇಕಾ ಬೇಡವಾ ಅನ್ನುವ ಗೊಂದಲವೂ ತುಂಬಾ ಹೊತ್ತು ತಿನ್ನುತ್ತದೆ. ಲೆಕ್ಕ ಹಾಕಿ ನೋಡಿ. ಒಂದೊಂದು ಪ್ರಶ್ನೆಗೂ ನಾಲ್ಕು ಆಯ್ಕೆ ಇರುತ್ತವೆ. ಏನೂ ಗೊತ್ತಿಲ್ಲದೆ ನಾಲ್ಕು ಪ್ರಶ್ನೆಗೆ ಕಣ್ಣುಮುಚ್ಚಿ ಉತ್ತರ ಹಾಕಿದರೆ, ಸರಾಸರಿಯಲ್ಲಿ ಒಂದು ಸರಿ, ಮೂರು ತಪ್ಪು. 1ರಲ್ಲಿ 0.75 ಹೋಗಿ ಸಿಗುವುದು ಬರೀ 0.25. ಎರಡು ಆಯ್ಕೆ ಖಂಡಿತ ಅಲ್ಲ ಅಂತ ತೆಗೆದುಹಾಕಲು ಆದರೆ, ಅದೇ ನಾಲ್ಕು ಪ್ರಶ್ನೆಗೆ ಸರಾಸರಿ 1.5 ಅಂಕ. ಹಾಗಾಗಿ ನನ್ನ ನಿಯಮ: ಎರಡನ್ನು ಹೊಡೆದುಹಾಕಲು ಆದರೆ ಬರೆ, ಆಗದಿದ್ದರೆ ಬಿಡು. ಆಮೇಲೆ ಅದರ ಬಗ್ಗೆ ಯೋಚನೆ ಇಲ್ಲ.

ಅಣಕು ಪರೀಕ್ಷೆ ಮುಗಿದ ಮೇಲೆ ಅಂಕಕ್ಕಿಂತ ಜಾಸ್ತಿ ಹೊತ್ತು ತಪ್ಪುಗಳ ಪಟ್ಟಿಗೆ ಕೊಡುತ್ತಿದ್ದೆ. ಒಂದೊಂದು ತಪ್ಪಿನ ಮುಂದೆ ಕಾರಣ ಬರೆಯುವುದು: ಗೊತ್ತಿರಲಿಲ್ಲ, ಸರಿಯಾಗಿ ಓದಲಿಲ್ಲ, ಗಾಬರಿ. ಮೂರನೆಯದು ಹೆಚ್ಚಾಗಿ ಬರುತ್ತಿದ್ದುದು ಕೊನೆಯ ಇಪ್ಪತ್ತು ನಿಮಿಷದಲ್ಲಿ. ಅದು ಕಂಡ ಮೇಲೆ ನನ್ನ ತಯಾರಿಯೇ ಬದಲಾಯಿತು. ಹೊಸ ವಿಷಯ ಓದುವುದನ್ನು ಕಡಿಮೆ ಮಾಡಿ, ಕೊನೆಯ ಇಪ್ಪತ್ತು ನಿಮಿಷವನ್ನೇ ಬೇರೆಯಾಗಿ ಅಭ್ಯಾಸ ಮಾಡಿದೆ. ಮೊದಲು ಸುಸ್ತಾಗುವಷ್ಟು ಓದಿ, ಆಮೇಲೆ ಗಡಿಯಾರ ಇಟ್ಟುಕೊಂಡು ಗಣಿತ.

ಮನೆಯ ಮಾತೂ ಹೇಳಬೇಕು. ನಮ್ಮಲ್ಲಿ ಪರೀಕ್ಷೆ ಒಬ್ಬರದ್ದಲ್ಲ, ಬೀದಿಯವರದ್ದೆಲ್ಲ. "ಲಾಯರಮ್ಮ ಯಾವಾಗ ಆಗ್ತೀಯವ್ವಾ?" ಅಂತ ಪ್ರೀತಿಯಿಂದಲೇ ಕೇಳುತ್ತಿದ್ದರು. ಪ್ರೀತಿಯೇ ಭಾರ ಆಗುತ್ತಿತ್ತು. ಒಂದು ರಾತ್ರಿ ಅಪ್ಪನ ಹತ್ತಿರ ಕೂತು ನೇರವಾಗಿ ಹೇಳಿದೆ. "ಅಪ್ಪಾ, ಅಣಕು ಪರೀಕ್ಷೆ ಅಂಕ ಕೇಳ್ಬೇಡಿ. ಹೇಳ್ಬೇಕು ಅನ್ಸಿದಾಗ ನಾನೇ ಹೇಳ್ತೀನಿ." ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಯ್ತು ಮಗಳೇ, ಕೇಳಲ್ಲ. ಊಟ ಮಾತ್ರ ಬಿಡ್ಬೇಡ" ಅಂದರು. ಅವರು ಮಾತು ಉಳಿಸಿಕೊಂಡರು. ಅದು ನನಗೆ ಎಷ್ಟು ಹಗುರ ಮಾಡಿತು ಅಂತ ಅವರಿಗೆ ಇವತ್ತಿಗೂ ಗೊತ್ತಿರಲಿಕ್ಕಿಲ್ಲ.

ಇದೊಂದೇ ದಾರಿ ಅಲ್ಲ ಅನ್ನುವುದನ್ನೂ ಕಾಗದದ ಮೇಲೆ ಬರೆದಿಟ್ಟಿದ್ದೆ. ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳಲ್ಲಿ ಪಿಯುಸಿ ಅಂಕದ ಮೇಲೆ ಐದು ವರ್ಷದ ಕೋರ್ಸಿಗೆ ಸೇರಬಹುದು. ನಮ್ಮ ರಾಜ್ಯದ ಎಷ್ಟೋ ಒಳ್ಳೆಯ ವಕೀಲರು ಕ್ಲಾಟ್ ಬರೆಯದೇ ಬಂದವರು. ಹಾಗೆಯೇ ನಾಗರಭಾವಿಯ ನ್ಯಾಷನಲ್ ಲಾ ಸ್ಕೂಲಿನಲ್ಲಿ ಕರ್ನಾಟಕದಲ್ಲಿ ಓದಿದ ವಿದ್ಯಾರ್ಥಿಗಳಿಗೆ ಶೇ 25ರ ಸಮತಲ ಮೀಸಲಾತಿ (ಅಂದರೆ ಒಂದೊಂದು ವರ್ಗದ ಸೀಟುಗಳ ಒಳಗೇ ಸಿಗುವಂಥದ್ದು) ಇದೆ. ಅರ್ಜಿ ತುಂಬುವಾಗ ಆ ಭಾಗವನ್ನು ಗಮನವಿಟ್ಟು ನೋಡಿ.

ಹಿಂದಿನ ದಿನ ಬೆಂಗಳೂರಿನ ಚಿಕ್ಕಮ್ಮನ ಮನೆಗೆ ಬಂದೆ. ಸಂಜೆ ಚಿಕ್ಕಪ್ಪನ ಜೊತೆ ಹೋಗಿ ಪರೀಕ್ಷಾ ಕೇಂದ್ರದ ಗೇಟು ನೋಡಿಕೊಂಡು ಬಂದೆವು. ಪ್ರವೇಶಪತ್ರ, ಗುರುತಿನ ಚೀಟಿ, ಪೆನ್ನು, ಪಾರದರ್ಶಕ ನೀರಿನ ಬಾಟಲಿ ಎಲ್ಲ ರಾತ್ರಿಯೇ ಒಂದು ಚೀಲಕ್ಕೆ. ಮರುದಿನ ಹೊರಡುವ ಮುಂಚೆ ಹತ್ತು ನಿಮಿಷ ಕೂತು, ಏನೇನು ಭಯ ಇದೆಯೋ ಎಲ್ಲ ಒಂದು ಹಾಳೆಯಲ್ಲಿ ಬರೆದೆ. ರಾಮಿರೆಜ್ ಮತ್ತು ಬೈಲಾಕ್ ಎಂಬ ಸಂಶೋಧಕರು 2011ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಇದರ ಬಗ್ಗೆ ಬರೆದಿದ್ದರು. ಪರೀಕ್ಷೆಗೆ ಮುಂಚೆ ತಮ್ಮ ಆತಂಕಗಳನ್ನು ಬರೆದ ವಿದ್ಯಾರ್ಥಿಗಳು, ಅದರಲ್ಲೂ ಹೆಚ್ಚು ಭಯಪಡುವವರು, ಚೆನ್ನಾಗಿ ಮಾಡಿದರು ಅಂತ. ನಾನು ಅಣಕು ಪರೀಕ್ಷೆಗಳಲ್ಲೇ ಇದನ್ನು ಪರೀಕ್ಷಿಸಿ ನೋಡಿದ್ದೆ, ನನಗೆ ಹೊಂದಿತ್ತು. ಅನ್ನ ಮೊಸರು ತಿಂದು ಹೊರಟೆ.

ಹಾಲ್‌ನಲ್ಲಿ ಬೆರಳು ತಣ್ಣಗಾಗಿತ್ತು. ಗುಂಡಿ ತುಂಬುತ್ತಾ ಹೋದೆ, ಬೆಚ್ಚಗಾಯಿತು. ತರ್ಕ ವಿಭಾಗದಲ್ಲಿ ಒಂದು ಗದ್ಯ ಸ್ವಲ್ಪವೂ ತಲೆಗೆ ಹೋಗಲಿಲ್ಲ. ಪೆನ್ನು ಕೆಳಗಿಟ್ಟೆ, ಮೂರು ಉಸಿರು, ಗುರುತು, ಮುಂದಿನದು. ಕೊನೆಗೆ ಅಲ್ಲಿಗೆ ಮರಳಿ ಬಂದಾಗ ಎರಡು ಪ್ರಶ್ನೆಗೆ ಉತ್ತರ ಕಂಡಿತು, ಉಳಿದವನ್ನು ಬಿಟ್ಟೆ.

ಹೊರಗೆ ಬಂದ ಮೇಲೆ ಯಾರ ಜೊತೆಯೂ ಉತ್ತರ ಹೋಲಿಸಲಿಲ್ಲ. ತಾತ್ಕಾಲಿಕ ಕೀ ಉತ್ತರ ಕನ್ಸೋರ್ಟಿಯಂನಿಂದಲೇ ಬರುತ್ತದೆ, ಆಕ್ಷೇಪಣೆ ಸಲ್ಲಿಸಲೂ ಅವಕಾಶ ಇರುತ್ತದೆ. ಅಲ್ಲಿವರೆಗೆ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಸ್ವಲ್ಪ ನಿದ್ದೆ ಮಾಡಿ ಪಿಯುಸಿ ಪುಸ್ತಕ ತೆಗೆಯಿರಿ. ಸಾಮಾನ್ಯ ವರ್ಗದವರಿಗೆ ಅದರಲ್ಲಿ ಶೇ 45, ಎಸ್‌ಸಿ, ಎಸ್‌ಟಿ ವಿದ್ಯಾರ್ಥಿಗಳಿಗೆ ಶೇ 40 ಇರಲೇಬೇಕು. ಕ್ಲಾಟ್‌ನಲ್ಲಿ ಒಳ್ಳೆಯ ರ್‍ಯಾಂಕ್ ಬಂದಿದ್ದರೂ ಇದು ಇಲ್ಲದಿದ್ದರೆ ಸೀಟು ಸಿಗುವುದಿಲ್ಲ.