ಮನೆಯಲ್ಲೇ ಹಲ್ಲಿನ ಪೇಸ್ಟ್: ಲವಂಗದ ಪುಡಿ ನುಣುಪಾಗಿದ್ದರೆ ಗೆದ್ದಂತೆ

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮೂರು ಮನೆಯವರು ಹಲ್ಲಿನ ಪೇಸ್ಟ್ ಮಾಡಿಕೊಂಡರು. ವಾರದೊಳಗೆ ಮೂವರೂ ಬಿಟ್ಟರು. ಒಬ್ಬರಿಗೆ ಒಸಡು ಉರಿ, ಇನ್ನೊಬ್ಬರಿಗೆ ಬಾಯೆಲ್ಲ ಮರಳು ಮರಳು, ಮೂರನೆಯವರ ಸಿಂಕ್ ಕಟ್ಟಿಕೊಂಡಿತು. ಮೊದಲಿಬ್ಬರು ಎಡವಿದ್ದು ಲವಂಗದ ಪುಡಿಯಲ್ಲಿ. ಸಿಂಕಿನ ವಿಷಯ ಆಮೇಲೆ ಹೇಳುತ್ತೇನೆ.

ಬೇಕಾಗುವುದು ಇಷ್ಟೇ: ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿ 4 ಟೀ ಚಮಚ, ಅಡುಗೆ ಸೋಡಾ 1 ಚಮಚ, ಕೊಬ್ಬರಿ ಎಣ್ಣೆ ಸುಮಾರು 3 ಚಮಚ, ಲವಂಗ 6. ಕಾರ್ಬೊನೇಟ್ ಪೊಟ್ಟಣದ ಮೇಲೆ ‘ಫುಡ್ ಗ್ರೇಡ್’ ಎಂದು ಇರಲೇಬೇಕು. ಅದು ಸಿಗಲಿಲ್ಲ ಎಂದು ಎಲೆ-ಅಡಿಕೆಯ ಸುಣ್ಣ ಹಾಕಬೇಡಿ, ಬಾಯಿ ಸುಡುತ್ತದೆ. ವಾಷಿಂಗ್ ಸೋಡಾ ಮುಟ್ಟಲೇಬೇಡಿ. ಲವಂಗವನ್ನು ಚಿಕ್ಕಪೇಟೆ ಕಡೆಯ ಗ್ರಂಧಿಗೆ ಅಂಗಡಿಯಲ್ಲಿ ನೋಡಿ ತನ್ನಿ. ಉಗುರಿನಿಂದ ಒತ್ತಿದರೆ ಎಣ್ಣೆ ಜಿನುಗಬೇಕು. ಒಣಕಲು, ಹಗುರ ಲವಂಗಕ್ಕೆ ಕೊಟ್ಟ ದುಡ್ಡು ದಂಡ.

ಈಗ ಪುಡಿ. ಲವಂಗವನ್ನು ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ, ಕಪ್ಪಾಗಲು ಬಿಡಬೇಡಿ. ಪೂರ್ತಿ ಆರಿದ ಮೇಲೆ ಕುಟ್ಟಿ. ಆರು ಲವಂಗ ಮಿಕ್ಸಿಯ ಬ್ಲೇಡಿಗೆ ಸಿಗುವುದೇ ಇಲ್ಲ, ಅದಕ್ಕೇ ಕುಟ್ಟಾಣಿ ಬೇಕು. ಕುಟ್ಟಿದ್ದು ಕಣ್ಣಿಗೆ ನುಣುಪಾಗಿ ಕಂಡರೂ ನಂಬಬೇಡಿ. ಹಳೆಯ ಪಂಚೆಯ ತೆಳು ತುಂಡನ್ನು ಸ್ಟೀಲ್ ಲೋಟದ ಬಾಯಿಗೆ ಬಿಗಿಯಾಗಿ ಕಟ್ಟಿ. ಪುಡಿಯನ್ನು ಚಿಟಿಕೆ ಚಿಟಿಕೆಯಾಗಿ ಹಾಕಿ, ಚಮಚದ ಬೆನ್ನಿನಿಂದ ಮೆಲ್ಲಗೆ ಸವರಿ. ಒತ್ತಬೇಡಿ, ಒತ್ತಿದರೆ ತರಿಯೂ ನುಸುಳುತ್ತದೆ. ಟೀ ಸೋಸುವ ಜರಡಿ ಸಾಕಲ್ವಾ ಎಂದು ಕೇಳುತ್ತಾರೆ. ಸಾಲದು, ಅದರ ಕಣ್ಣು ದೊಡ್ಡದು. ಬಟ್ಟೆಯ ಮೇಲೆ ಉಳಿದ ತರಿ ಟೀಗೆ ಹಾಕಿ. ಇಳಿದ ಪುಡಿಯನ್ನು ಇನ್ನೊಮ್ಮೆ ಜರಡಿ ಹಿಡಿಯಿರಿ. ಆಮೇಲೆ ಒಂದು ಚಿಟಿಕೆಯನ್ನು ಹೆಬ್ಬೆರಳು, ತೋರುಬೆರಳ ನಡುವೆ ಕಿವಿಯ ಹತ್ತಿರ ಉಜ್ಜಿ. ಕರಕರ ಸದ್ದು ಬಂದರೆ ಮತ್ತೆ ಕುಟ್ಟಿ. ಈ ತರಿಯೇ ದಿನಾ ಒಸಡನ್ನು ಕೆರೆಯುವುದು. ಇದೇ ಕಾರಣಕ್ಕೆ ಇದ್ದಿಲು, ಇಟ್ಟಿಗೆ ಪುಡಿ ನನಗೆ ಆಗದು. ನಿಂಬೆರಸವಂತೂ ಬೇಡವೇ ಬೇಡ, ಹುಳಿ ಹಲ್ಲಿನ ಹೊರಪದರವನ್ನು ಕರಗಿಸುತ್ತದೆ.

ಲವಂಗ ಆರಕ್ಕಿಂತ ಜಾಸ್ತಿ ಮಾಡಬೇಡಿ. ಅದರಲ್ಲಿರುವ ಯುಜೆನಾಲ್ ಸ್ವಲ್ಪವಿದ್ದರೆ ಹಿತವಾಗಿ ಜೋಮು ಹಿಡಿಸುತ್ತದೆ, ಹೆಚ್ಚಾದರೆ ಉರಿಸುತ್ತದೆ. ಪುಡಿ ಮಾಡಲು ಬೇಸರವೆಂದು ಲವಂಗದೆಣ್ಣೆ ಸುರಿಯುವ ಅಡ್ಡದಾರಿಯೂ ಬೇಡ.

ಒಣ ಪುಡಿಗಳನ್ನೆಲ್ಲ ಬೆರೆಸಿ, ಎಣ್ಣೆಯನ್ನು ಅರ್ಧರ್ಧ ಚಮಚ ಹಾಕುತ್ತ ಕಲಸಿ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಡಿಸೆಂಬರ್, ಜನವರಿಯ ಬೆಂಗಳೂರಿನ ಬೆಳಗಿನಲ್ಲಿ ಅದು ಕಲ್ಲಿನಂತಿರುತ್ತದೆ. ಬಾಟಲಿಯನ್ನು ಬಿಸಿನೀರಿನಲ್ಲಿಡಿ, ಒಲೆಯ ಮೇಲಲ್ಲ. ಏಪ್ರಿಲ್‌ನಲ್ಲಿ ಅದೇ ಎಣ್ಣೆ ನೀರಾಗಿರುತ್ತದೆ, ಅರ್ಧ ಚಮಚ ಕಮ್ಮಿ ಹಾಕಿ. ಚಮಚದಿಂದ ಎತ್ತಿದರೆ ದೋಸೆ ಹಿಟ್ಟಿಗಿಂತ ಗಟ್ಟಿ, ಚಟ್ನಿಗಿಂತ ನುಣುಪು ಇರಬೇಕು. ನೀರು ಒಂದು ಹನಿಯೂ ಬೇಡ.

ಇದರಲ್ಲಿ ಫ್ಲೋರೈಡ್ ಇಲ್ಲ. ಹುಳುಕು ತಡೆಯಲು ಫ್ಲೋರೈಡ್ ಬೇಕೇ ಬೇಕು. ಹಾಗಾಗಿ ಬೆಳಿಗ್ಗೆ ಇದನ್ನು ಉಜ್ಜಿ, ರಾತ್ರಿ ಫ್ಲೋರೈಡ್ ಇರುವ ಪೇಸ್ಟ್ ಉಜ್ಜುವುದು ನನ್ನ ಪದ್ಧತಿ. ಮಕ್ಕಳಿಗೆ ಎರಡು ಹೊತ್ತೂ ಅಂಗಡಿಯದೇ ಕೊಡಿ.

ಗಾಜಿನ ಸಣ್ಣ ಡಬ್ಬಿಯಲ್ಲಿ ತುಂಬಿ, ಎರಡು ವಾರದಲ್ಲಿ ಮುಗಿಸಿ. ಒದ್ದೆ ಬ್ರಷ್ ಅದ್ದಬೇಡಿ, ಒಣ ಚಮಚದಲ್ಲಿ ತೆಗೆಯಿರಿ. ಮೃದು ಬ್ರಷ್‌ಗೆ ಬಟಾಣಿ ಕಾಳಿನಷ್ಟು ಸಾಕು. ನೊರೆ ಬರುವುದಿಲ್ಲ, ಅದಕ್ಕೆಂದು ಇನ್ನಷ್ಟು ಹಾಕಿಕೊಳ್ಳಬೇಡಿ.

ಇನ್ನು ಸಿಂಕ್. ಚಳಿಗೆ ಪೈಪಿನಲ್ಲಿ ಎಣ್ಣೆ ಹೆಪ್ಪುಗಟ್ಟಿ, ಅದಕ್ಕೆ ಪುಡಿ ಅಂಟಿ ಗಟ್ಟಿ ಉಂಡೆಯಾಗುತ್ತದೆ. ಆ ಮನೆಯಲ್ಲಿ ಆಗಿದ್ದು ಅದೇ. ಚಳಿಗಾಲದಲ್ಲಿ ಹಳೆ ಕಾಗದದ ಮೇಲೆ ಉಗಿದು ಕಸಕ್ಕೆ ಹಾಕಿ, ಬಾಯಿ ಮುಕ್ಕಳಿಸಿದ ಮೇಲೆ ಸಿಂಕಿಗೆ ಒಂದು ಚೊಂಬು ಬಿಸಿನೀರು ಬಿಡಿ. ಬ್ರಷ್ಷನ್ನೂ ಅದೇ ನೀರಿನಲ್ಲಿ ತೊಳೆಯಿರಿ.