ಬ್ರೇಕ್ ಒತ್ತಿದರೆ ಮೀಟರ್ ದೀಪ ಹತ್ತುತ್ತಿತ್ತು

ಕಳೆದ ಮಳೆಗಾಲದಲ್ಲಿ ಚಾರ್ಮಾಡಿ ಘಾಟಿ ಇಳಿಯುತ್ತಿದ್ದಾಗ ಹಿಂದಿನ ಬಸ್ಸು ನನ್ನ ಜೀಪಿಗೆ ತಾಗುವಷ್ಟು ಹತ್ತಿರ ಬಂದು ನಿಂತಿತು. ಚಾಲಕರು ಕಿಟಕಿಯಿಂದ ತಲೆ ಹೊರಹಾಕಿ, "ಸಾರ್, ನಿಮ್ಮ ಬ್ರೇಕ್ ಲೈಟ್ ಉರಿಯುತ್ತಿಲ್ಲ" ಎಂದರು. ಆ ಮಂಜಿನಲ್ಲಿ ಹಿಂದಿನವರಿಗೆ ಕಾಣುವುದು ಅದೊಂದೇ. ಎದೆ ಝಲ್ಲೆಂದಿತು.

ಮನೆಗೆ ಬಂದವನೇ ಎರಡೂ ಬಲ್ಬ್ ಬದಲಿಸಿದೆ. ಪ್ರಯೋಜನವಾಗಲಿಲ್ಲ. ಬ್ರೇಕನ್ನು ಬಲವಾಗಿ ತುಳಿದರೆ ಬಲಗಡೆಯದು ಉರಿಯುತ್ತಿತ್ತು, ಎಡಗಡೆಯದು ಮಿಣುಕುತ್ತಿತ್ತು. ಮೆಲ್ಲಗೆ ಒತ್ತಿದರೆ ಎರಡೂ ಇಲ್ಲ. ಎಡಗಡೆಯ ಬಲ್ಬ್ ತೆಗೆದು, ಮಲ್ಟಿಮೀಟರಿನ ಕಪ್ಪು ಕಡ್ಡಿಯನ್ನು ಚಾಸಿಗೆ (ಜೀಪಿನ ಕಬ್ಬಿಣದ ಚೌಕಟ್ಟಿಗೆ), ಕೆಂಪನ್ನು ಹೋಲ್ಡರಿನ ಒಳಗಿನ ಬಿಂದುವಿಗೆ ಹಿಡಿದೆ. ಪೂರ್ತಿ 12 ವೋಲ್ಟ್ ಇತ್ತು. ನಾನು ದಾರಿ ತಪ್ಪಿದ್ದು ಇಲ್ಲಿಯೇ. ಕರೆಂಟು ಹೋಲ್ಡರಿನವರೆಗೆ ಬರುತ್ತದೆ ಎಂಬುದನ್ನಷ್ಟೇ ಮೀಟರು ಹೇಳಿತ್ತು. ಅಲ್ಲಿಂದ ಹಿಂದಿರುಗುವ ದಾರಿಯನ್ನು ನಾನು ಅಳೆದೇ ಇರಲಿಲ್ಲ.

ಸುಳಿವು ಸಿಕ್ಕಿದ್ದು ರಾತ್ರಿ. ಜೀಪಿನ ಹಿಂಭಾಗವನ್ನು ಕಾಫಿ ಗೋದಾಮಿನ ಬಿಳಿ ಗೋಡೆಗೆ ತಿರುಗಿಸಿ ನಿಲ್ಲಿಸಿ, ರೆಂಬೆ ಸವರುವಾಗ ಕಡಿದಿಟ್ಟ ಕಾಫಿ ಗಿಡದ ಕೋಲೊಂದನ್ನು ಸೀಟಿಗೂ ಪೆಡಲಿಗೂ ನಡುವೆ ಬಿಗಿಯಾಗಿ ಕೊಟ್ಟೆ. ಲೈಟಿನ ಸ್ವಿಚ್ ಹಾಕಿರಲಿಲ್ಲ. ಆದರೂ ಡ್ಯಾಶ್‌ಬೋರ್ಡಿನ ಮೀಟರ್ ದೀಪ ಹಳದಿಯಾಗಿ ಮಿನುಗುತ್ತಿತ್ತು! ಸ್ವಿಚ್ ಹಾಕಿದರೆ ಎಡಗಡೆಯ ದೀಪ ಇನ್ನಷ್ಟು ಮಂಕಾಗುತ್ತಿತ್ತು.

ಹಿಂದಿನ ಬಲ್ಬಿನಲ್ಲಿ ಎರಡು ತಂತುಗಳಿರುತ್ತವೆ: ಬ್ರೇಕಿಗೆ 21 ವ್ಯಾಟ್, ಟೈಲ್ ಲೈಟಿಗೆ 5 ವ್ಯಾಟ್. ಎರಡಕ್ಕೂ ಅರ್ಥಿಂಗ್, ಅಂದರೆ ಕರೆಂಟು ಚಾಸಿಯ ಮೂಲಕ ಬ್ಯಾಟರಿಗೆ ಹಿಂದಿರುಗುವ ದಾರಿ, ಒಂದೇ: ಬಲ್ಬಿನ ಹಿತ್ತಾಳೆ ಬುಡದ ಮೂಲಕ. ಅದು ಕೆಟ್ಟರೆ ಬ್ರೇಕಿನ ಕರೆಂಟು ಟೈಲ್ ತಂತುವನ್ನು ಹಿಮ್ಮುಖವಾಗಿ ಹಾದು, ಆ ತಂತಿಯಲ್ಲಿ ಸಿಕ್ಕ ಬೇರೆ ದೀಪಗಳ ಮೂಲಕ ಚಾಸಿ ಸೇರುತ್ತದೆ. ಮೀಟರ್ ದೀಪ ಹತ್ತಿದ್ದು ಹಾಗೆ.

ಈ ಸಲ ಬಲ್ಬ್ ಹಾಕಿಟ್ಟು, ಬ್ರೇಕ್ ಒತ್ತಿದ ಸ್ಥಿತಿಯಲ್ಲೇ, ಹೋಲ್ಡರಿನ ಹೊರಮೈಗೂ ಬ್ಯಾಟರಿಯ ನೆಗೆಟಿವ್‌ಗೂ ನಡುವೆ ಅಳೆದೆ. ಸೊನ್ನೆಯ ಹತ್ತಿರ ಇರಬೇಕಾದಲ್ಲಿ 7 ವೋಲ್ಟ್ ತೋರಿಸಿತು. ಬ್ಯಾಟರಿಯ ನೆಗೆಟಿವ್‌ನಿಂದ ಉದ್ದನೆಯ ತಂತಿ ತಂದು ಹೋಲ್ಡರಿಗೆ ಮುಟ್ಟಿಸಿದ್ದೇ ತಡ, ಗೋಡೆ ಕೆಂಪಾಯಿತು.

ದೀಪದ ಬುಡದ ಬೋಲ್ಟ್ ಬಿಚ್ಚಿದಾಗ ಎರಡು ವರ್ಷದ ಹಿಂದೆ ಹೊಡೆಸಿದ ಬಣ್ಣ ಬೋಲ್ಟಿನ ಕೆಳಗೂ ದಪ್ಪಗೆ ಕೂತಿತ್ತು. ಅದರ ಅಂಚಿನಿಂದ ತುಕ್ಕು ಹೊಕ್ಕಿತ್ತು. ಹೋಲ್ಡರಿನೊಳಗೆ ಹಸಿರು ಕಿಲುಬು. ಎಮರಿ ಕಾಗದದಿಂದ ಬಿಳಿ ಲೋಹ ಕಾಣುವವರೆಗೆ ಉಜ್ಜಿದೆ. ಬೋಲ್ಟನ್ನೇ ನಂಬದೆ, ಎರಡೂ ದೀಪದ ಹೋಲ್ಡರುಗಳಿಂದ ದಪ್ಪ ಕಪ್ಪು ತಂತಿ ಎಳೆದು ಚಾಸಿಗೆ ಬಿಗಿದು, ಮೇಲೆ ಗ್ರೀಸ್ ಮೆತ್ತಿದೆ. ಹಳೆಯ ಜೀಪಿಗೆ ಇದು ಅಗತ್ಯವೆಂದೇ ನನ್ನ ಖಚಿತ ಅಭಿಪ್ರಾಯ.

ಮೆಲ್ಲಗೆ ಒತ್ತಿದರೆ ಹತ್ತದಿದ್ದ ದೋಷ ಬೇರೆಯದು. ನನ್ನ ಜೀಪಿನಲ್ಲಿ ಬ್ರೇಕ್ ಲೈಟಿನ ಸ್ವಿಚ್ ಮಾಸ್ಟರ್ ಸಿಲಿಂಡರಿನಲ್ಲಿದ್ದು (ಪೆಡಲ್ ತುಳಿದಾಗ ಬ್ರೇಕ್ ಆಯಿಲನ್ನು ಚಕ್ರಗಳತ್ತ ತಳ್ಳುವ ಭಾಗ) ಆಯಿಲ್ ಒತ್ತಡದಿಂದ ಕೆಲಸ ಮಾಡುತ್ತದೆ. ಅದರ ಎರಡು ತಂತಿ ಕಿತ್ತು ಒಂದಕ್ಕೊಂದು ಮುಟ್ಟಿಸಿದಾಗ ಎರಡೂ ದೀಪ ಉರಿದವು, ಅಂದರೆ ದೋಷ ಸ್ವಿಚ್ಚಿನದೇ. ಸ್ವಿಚ್ ಬಿಚ್ಚಿದಾಗ ಆಯಿಲಿನೊಳಗೆ ಗಾಳಿ ಸೇರುವುದರಿಂದ ಹೊಸದನ್ನು ಹಾಕಿದ ಮೇಲೆ ಬ್ರೇಕಿನ ಗಾಳಿ ತೆಗೆಯಲೇಬೇಕು; ಅದಿಲ್ಲದೆ ಜೀಪನ್ನು ಅಂಗಳದಿಂದ ಹೊರಗೆ ಹಾಕಬೇಡಿ. ಮಗಳು ಪೆಡಲ್ ಒತ್ತಿದಳು, ನಾನು ನಾಲ್ಕೂ ಚಕ್ರದಲ್ಲಿ ಗಾಳಿ ಹೊರಬಿಡುವ ನಿಪ್ಪಲ್ ಬಿಚ್ಚಿ ಬಿಗಿದೆ. ಕೊನೆಗೆ ಅವಳು ಬೆರಳ ತುದಿಯಿಂದ ಪೆಡಲನ್ನು ಅದುಮಿ, "ಅಪ್ಪಾ, ಈಗ?" ಎಂದಳು. ಗೋಡೆಯ ಮೇಲೆ ಎರಡೂ ಕಡೆ ಸಮನಾದ ಕೆಂಪು ಬಿದ್ದಿತ್ತು.