ಬ್ರೇಕ್ ಪೈಪ್ ಬಿಚ್ಚದೆ ಎಬಿಎಸ್ ಮಾಡ್ಯೂಲ್ ಬದಲಿಸಿದ್ದು

ದಿನಾ ಮಲ್ಪೆ ಬಂದರಿಗೆ ಹೋಗಿಬರುವ ಕಾರು. ಎಬಿಎಸ್ (ಗಟ್ಟಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ದೀಪ ಆರುವುದೇ ಇಲ್ಲ. ಸಂತೆಕಟ್ಟೆಯ ನನ್ನ ಗ್ಯಾರೇಜಿಗೆ ಬರುವ ಮೊದಲೇ ಮಾಲೀಕರು ಬೇರೆ ಕಡೆ ತೋರಿಸಿ, ಇಡೀ ಯುನಿಟ್ ಹೋಗಿದೆ ಎನ್ನಿಸಿಕೊಂಡು ಬಂದಿದ್ದರು. "ಬ್ರೇಕ್ ಹಿಡೀತದಲ್ಲ ಮಾರ್ರೆ, ದೀಪದ ವೈರ್ ಕಟ್ ಮಾಡಿದ್ರೆ ಆಗುದಿಲ್ವಾ?" ಅಂತ ಕೇಳಿದರು.

ಮಾಮೂಲಿ ಬ್ರೇಕ್ ಹಿಡಿಯುತ್ತದೆ, ನಿಜ. ಆದರೆ ಮಳೆಯಲ್ಲಿ ಹೈವೇ 66ರಲ್ಲಿ ಎದುರು ದನ ಬಂದು ಗಟ್ಟಿ ಒತ್ತಿದರೆ ಚಕ್ರ ಲಾಕ್ ಆಗುತ್ತದೆ, ಸ್ಟೇರಿಂಗ್ ತಿರುಗಿಸಿದರೂ ಕಾರು ನೇರ ಜಾರುತ್ತದೆ. 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯ ಮಾಡಿದ್ದು ಸುಮ್ಮನೆ ಅಲ್ಲ.

ಸ್ಕ್ಯಾನರ್ ಹಾಕಿದರೆ ಇಂಜಿನ್ ಇಸಿಎಂನಲ್ಲಿ (ಇಂಜಿನ್ ನೋಡಿಕೊಳ್ಳುವ ಕಂಪ್ಯೂಟರ್) ಯು0121 ಕೋಡ್, ಅಂದರೆ ಎಬಿಎಸ್ ಜೊತೆ ಸಂಪರ್ಕವೇ ಇಲ್ಲ. ಈ ಕೋಡ್ ಕಂಡ ಕೂಡಲೇ ಮಾಡ್ಯೂಲ್ (ಎಬಿಎಸ್‌ನ ಕಂಪ್ಯೂಟರ್ ಡಬ್ಬಿ) ಹೋಯಿತು ಎನ್ನುವವರು ಬಹಳ. ಕರಾವಳಿಯಲ್ಲಿ ಹಾಗೆ ತೀರ್ಮಾನ ಮಾಡಲೇಬಾರದು. ಉಪ್ಪುಗಾಳಿಗೆ ಅರ್ತ್ ಬೋಲ್ಟ್ ತುಕ್ಕು ಹಿಡಿದರೂ, ವೈರ್ ಜೋಡಿಸುವ ಕಪ್ಲರ್ ಪಿನ್ನಿಗೆ ಹಸಿರು ಕಿಲುಬು ಕಟ್ಟಿದರೂ ಇದೇ ಕೋಡ್ ಬರಬಹುದು. ಮಲ್ಟಿಮೀಟರನ್ನೂ ಪೂರ್ತಿ ನಂಬಬೇಡಿ. ವೈರಿನಲ್ಲಿ ಒಂದೇ ಎಳೆ ಉಳಿದಿದ್ದರೂ ಅದು 12 ವೋಲ್ಟ್ ತೋರಿಸುತ್ತದೆ. ನಾನು ಹಳೆ ಹೆಡ್‌ಲೈಟ್ ಬಲ್ಬಿಗೆ ಎರಡು ವೈರ್ ಬೆಸೆದು ಇಟ್ಟುಕೊಂಡಿದ್ದೇನೆ. ಕಪ್ಲರ್ ಬಿಚ್ಚಿ, ಹಾರ್ನೆಸ್ (ವೈರ್ ಕಟ್ಟು) ಕಡೆಯ ಪವರಿಗೂ ಅರ್ತಿಗೂ ಅದನ್ನು ಕೊಟ್ಟೆ. ಪಂಪ್ ಮೋಟರ್ ಲೈನ್, ವಾಲ್ವ್ ಲೈನ್ ಎರಡರಲ್ಲೂ ಬಲ್ಬ್ ಬೆಳ್ಳಗೆ ಉರಿಯಿತು, ಅಂದರೆ ಕರೆಂಟ್ ಪೂರ್ತಿ ಬರುತ್ತಿದೆ. ಬ್ಯಾಟರಿ ಬಿಚ್ಚಿ ಕ್ಯಾನ್ ವೈರ್‌ಗಳನ್ನು (ಕಾರಿನ ಕಂಪ್ಯೂಟರ್‌ಗಳು ಪರಸ್ಪರ ಮಾತಾಡುವ ಜೋಡಿ ವೈರ್) ಅಳೆದೆ, 60 ಓಮ್ ಹತ್ತಿರ, ಇರಬೇಕಾದಷ್ಟೇ. ವೈರಿಂಗ್ ಸರಿ ಉಂಟು. ಮಾಡ್ಯೂಲೇ ಸತ್ತಿದೆ.

ಇಡೀ ಯುನಿಟ್ ಮಾತ್ರ ಬೇಕಿರಲಿಲ್ಲ. ಪೈಪ್‌ಗಳು ಸೇರುವ ಅಲ್ಯೂಮಿನಿಯಂ ಬ್ಲಾಕ್ ಬೇರೆ, ಅದಕ್ಕೆ ಕೂತಿರುವ ಪ್ಲಾಸ್ಟಿಕ್ ಮಾಡ್ಯೂಲ್ ಬೇರೆ. ಪೈಪ್ ಮುಟ್ಟದಿದ್ದರೆ ಬ್ಲಾಕಿನೊಳಗೆ ಏರ್ ಹೋಗುವುದಿಲ್ಲ, ಸ್ಕ್ಯಾನರ್‌ನಿಂದ ಪಂಪ್ ಓಡಿಸಿ ಏರ್ ತೆಗೆಯುವ ರಗಳೆಯೂ ಇಲ್ಲ. ಟಾರ್ಕ್ಸ್ ಸ್ಕ್ರೂ ತೆಗೆದು ಮಾಡ್ಯೂಲನ್ನು ನೇರ ಹಿಂದಕ್ಕೆ ಎಳೆಯಬೇಕು. ಅದರ ಕಾಯಿಲ್‌ಗಳು ವಾಲ್ವ್ ಕಡ್ಡಿಗಳ ಮೇಲೆ ಉಂಗುರದ ಹಾಗೆ ಕೂತಿರುತ್ತವೆ. ಓರೆ ಮಾಡಬಾರದು, ಸ್ಕ್ರೂಡ್ರೈವರ್ ತೂರಿಸಿ ಮೀಟಲೂ ಬಾರದು, ಸೀಲ್ ಕೂರುವ ಮುಖ ಗೀರಿದರೆ ಮುಂದಿನ ಮಳೆಗೆ ನೀರು ಒಳಗೆ. ಆ ಕಡ್ಡಿಗಳ ಬುಡ ಬೆರಳಿಂದ ಮುಟ್ಟಿ ನೋಡಿದೆ, ಒಣಗಿಯೇ ಇತ್ತು. ಬ್ರೇಕ್ ಆಯಿಲ್ ಪಸೆ ಸಿಕ್ಕಿದ್ದರೆ ಮಾಡ್ಯೂಲ್ ಮಾತ್ರ ಹಾಕಿ ಪ್ರಯೋಜನವಿಲ್ಲ, ಬ್ಲಾಕೂ ಹೋಗಿದೆ ಅಂತಲೇ ಲೆಕ್ಕ.

ಹೊಸದನ್ನು ಕೂರಿಸಿ ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿದೆ. ಕೋಡಿಂಗ್ ಆಗದೆ ಇದು ಕೆಲಸ ಮಾಡುವುದಿಲ್ಲ: ಚಾಸಿ ನಂಬರ್, ವೇರಿಯಂಟ್ ಬರೆಯಬೇಕು, ಸ್ಟೇರಿಂಗ್ ಆ್ಯಂಗಲ್ ಸೆನ್ಸರ್ ಸೊನ್ನೆಗೆ ತರಬೇಕು. ನಡುವೆ ವೋಲ್ಟೇಜ್ ಬೀಳದಂತೆ ಬ್ಯಾಟರಿಗೆ ಚಾರ್ಜರ್ ಕೊಟ್ಟೇ ಇಟ್ಟಿದ್ದೆ. ಸೆಕೆಂಡ್‌ಹ್ಯಾಂಡ್ ತರುವವರು ಪಾರ್ಟ್ ನಂಬರ್ ಅಕ್ಷರ ಬಿಡದೆ ಹೋಲಿಸಿ. ನೋಡಲು ಒಂದೇ ಥರ ಇರುತ್ತವೆ.

ಕಾರು ಹೊರಟ ಸ್ವಲ್ಪದರಲ್ಲೇ ಪಂಪ್ ಒಮ್ಮೆ ಗುರ್ ಅಂದು ತನ್ನ ಪರೀಕ್ಷೆ ತಾನೇ ಮಾಡಿಕೊಂಡಿತು, ದೀಪ ಆರಿತು. ಖಾಲಿ ರಸ್ತೆಯಲ್ಲಿ 40ರ ವೇಗದಲ್ಲಿ ಗಟ್ಟಿ ಒತ್ತಿದಾಗ ಪೆಡಲ್ ಪಾದವನ್ನು ಟಕಟಕ ಒದೆಯಿತು. ಕಪ್ಲರ್ ಕಡೆಗೆ ನೇರ ಪ್ರೆಷರ್ ನೀರು ಬಿಡಬೇಡಿ ಅಂತ ವಾಷಿಂಗಿನ ಹುಡುಗರಿಗೆ ಹೇಳಲು ಮಾಲೀಕರಿಗೆ ಹೇಳಿದ್ದೇನೆ. ಅವರು ಕೇಳುತ್ತಾರೋ ಇಲ್ಲವೋ, ಅದು ಬೇರೆ ಪ್ರಶ್ನೆ.